ಒಂದು ನೋಟದ ತೀರ್ಪು

ಅಂಗಳದ ನಂದಿಬಟ್ಟಲು ಗಿಡದಲ್ಲಿ ಬೆರಳಿನಷ್ಟು ದಪ್ಪದ ಹಸಿರು ಹುಳುವೊಂದು ಎಲೆ ತಿನ್ನುತ್ತಿದೆ. ತಲೆಯ ಹಿಂದೆ ಕಣ್ಣಿನಂತಹ ಎರಡು ನೀಲಿ ಚುಕ್ಕೆಗಳಿವೆ, ಬಾಲದಲ್ಲೊಂದು ಕೊಂಬಿದೆ. ಓದುಗರೇ, ಆಗ ನೀವೇನು ಮಾಡುತ್ತೀರಿ? ವಿಷದ ಹುಳುವೆಂದು ಚಪ್ಪಲಿ ಎತ್ತುವವರೇ ಹೆಚ್ಚು. ನಾನೂ ಹಾಗೆ ಮಾಡಿದವನೇ.

ವಸ್ತುತಃ ಅದು ಕುಟುಕುವ ಹುಳುವಲ್ಲ. ಬೆಳೆದ ಬಳಿಕ ಅದು ಕಂದು ಬಣ್ಣಕ್ಕೆ ತಿರುಗಿ, ಗಿಡದಿಂದಿಳಿದು ತರಗೆಲೆಗಳ ನಡುವೆ ಕೋಶವಾಗುತ್ತದೆ. ಮುಂದೆ ಹಸಿರು ಚಿತ್ತಾರದ ರೆಕ್ಕೆಗಳ ಪತಂಗವಾಗಿ, ಮುಸ್ಸಂಜೆ ಹೂವಿನಿಂದ ಹೂವಿಗೆ ಹಾರುತ್ತದೆ. ನಾವು ಚಪ್ಪಲಿಯಡಿಯಲ್ಲಿ ಹೊಸಕಿದ್ದು ಅದನ್ನೇ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಕೆಂಪು ಕಂಬಳಿಹುಳು ಶೇಂಗಾ ಬೆಳೆಯ ವೈರಿ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಅದರ ಪತಂಗಗಳು ಮಣ್ಣಿನಿಂದ ಹೊರಬಂದು ಮೊಟ್ಟೆಯಿಡುತ್ತವೆ. ಮರಿಗಳು ಹಿಂಡುಹಿಂಡಾಗಿ ಎಲೆ ತಿಂದು ಮತ್ತೆ ಮಣ್ಣು ಸೇರಿ ಕೋಶವಾಗುತ್ತವೆ. ಬೇಸಿಗೆಯಲ್ಲಿ ಹೊಲ ನೋಡಿದವನು ಇಲ್ಲಿ ಹುಳುವೇ ಇಲ್ಲವೆಂದಾನು. ಋತುಚಕ್ರ ಬಲ್ಲ ರೈತನಾದರೋ ಆಳವಾಗಿ ಉತ್ತು, ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುತ್ತಾನೆ. ಅವನೂ ಕೊಲ್ಲುತ್ತಾನೆ, ಆದರೆ ಅರಿತು ಕೊಲ್ಲುತ್ತಾನೆ.

ಹಾಗಾದರೆ ಅರಿಯುವ ಮುನ್ನ ತೀರ್ಪು ಕೊಡುವ ಹಕ್ಕು ನಮಗಿದೆಯೇ? ಹುಳುಗಳು ಕೊಳೆಯಿಂದ ತಾವಾಗಿ ಹುಟ್ಟುತ್ತವೆಂದು ಬಹಳ ಜನ ನಂಬಿದ್ದ ಕಾಲದಲ್ಲಿ, ಜರ್ಮನಿಯಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ (1647–1717) ಎಂಬ ಮಹಿಳೆ ಹುಳುಗಳನ್ನು ಸಾಕಿ, ಅವು ತಿನ್ನುವ ಗಿಡದೊಂದಿಗೆ ಅವುಗಳ ಪ್ರತಿಯೊಂದು ಅವಸ್ಥೆಯನ್ನೂ ಚಿತ್ರಿಸಿದರು. ಅವರ ಮೊದಲ ಹುಳುಗಳ ಗ್ರಂಥ 1679ರಲ್ಲಿ ಪ್ರಕಟವಾಯಿತು. ಅವರಿಗಿದ್ದ ಮುಖ್ಯ ಸಾಧನ ತಾಳ್ಮೆ.

ಈ ತಾಳ್ಮೆಯನ್ನು ನಾವು ಮನುಷ್ಯರಿಗಾದರೂ ತೋರಿಸುತ್ತೇವೆಯೇ? ಒಂದು ಪರೀಕ್ಷೆಯಲ್ಲಿ ಸೋತ ಮಗನಿಗೆ ‘ದಡ್ಡ’ನೆಂಬ ಹೆಸರು ಅಂಟಿಸುತ್ತೇವೆ. ಹರೆಯದಲ್ಲಿ ಎಡವಿದವನನ್ನು ನಲ್ವತ್ತರಲ್ಲೂ ಅದೇ ಹೆಸರಿನಿಂದ ಗುರುತಿಸುತ್ತೇವೆ. ತಪ್ಪನ್ನು ತಪ್ಪೆನ್ನಲೇಬೇಕು, ನಿಜ. ಆದರೆ ಒಂದು ಅವಸ್ಥೆಯನ್ನು ಕಂಡು ಇಡೀ ಬದುಕಿಗೆ ಹೆಸರಿಡುವುದು ಅನ್ಯಾಯವಲ್ಲವೇ?

ಮುಂದಿನ ಸಲ ಅಪರಿಚಿತ ಹುಳು ಕಂಡಾಗ ಮುಟ್ಟಬೇಡಿ, ಕೊಲ್ಲಲೂ ಬೇಡಿ. ಅದು ಯಾವ ಗಿಡದಲ್ಲಿದೆ, ಯಾವ ತಿಂಗಳು ಎಂದು ಬರೆದಿಟ್ಟುಕೊಳ್ಳಿ. ಯಾರಾದರೂ ಹೆಸರು ಕೇಳಿದರೆ, ‘ಇನ್ನೂ ತಿಳಿದಿಲ್ಲ, ನೋಡುತ್ತಿದ್ದೇನೆ’ ಎನ್ನಿ. ಮನುಷ್ಯರ ಬಗ್ಗೆ ಕೇಳಿದಾಗಲೂ ಹಾಗೆ ಹೇಳಲು ಸಾಧ್ಯವಾದರೆ ಎಷ್ಟು ಮನೆಗಳು ನೆಮ್ಮದಿ ಕಂಡಾವು!