ಸೈಕಲ್ಲಿಗೆ ಎರಡು ಮರ್ಯಾದೆ ಏಕೆ?

ಜರ್ಮನಿಗೆ ಬಂದು ನೆಲೆಸಿದ ನಮ್ಮವರಲ್ಲಿ ಒಂದು ಬದಲಾವಣೆಯನ್ನು ಸದಸ್ಯರೆಲ್ಲ ಗಮನಿಸಿರಬಹುದು. ಊರಿನಲ್ಲಿ ಕಾಲೇಜು ಮುಗಿದ ಮೇಲೆ ಸೈಕಲ್ಲನ್ನೇ ಮುಟ್ಟದವರು ಇಲ್ಲಿ ತಲೆಗೆ ಹೆಲ್ಮೆಟ್ ಏರಿಸಿ, ಕ್ಯಾರಿಯರಿಗೆ ಚೀಲ ಸಿಕ್ಕಿಸಿ ಆಫೀಸಿಗೂ ಅಂಗಡಿಗೂ ಸೈಕಲ್ಲಿನಲ್ಲೇ ಹೋಗುತ್ತಾರೆ. ಊರಿನಿಂದ ಬಂದ ತಾಯಿ ಮೊದಲ ದಿನವೇ ಕೇಳುತ್ತಾರೆ: "ಯಾಕಪ್ಪಾ, ಕಾರು ರಿಪೇರಿಗೆ ಬಿಟ್ಟಿದ್ದೀಯಾ?" ಮಗ ನಗುತ್ತಾ, "ಇಲ್ಲಮ್ಮ, ಇಲ್ಲಿ ಪ್ರೊಫೆಸರುಗಳೂ ಸೈಕಲ್ಲಿನಲ್ಲೇ ಬರ್ತಾರೆ" ಎನ್ನುತ್ತಾನೆ. ಅಮ್ಮನಿಗೆ ಸಮಾಧಾನವಾಗುತ್ತದೆ. ಆದರೆ ಆ ಸಮಾಧಾನ ಕೊಟ್ಟದ್ದು ಸೈಕಲ್ಲಲ್ಲ, ಪ್ರೊಫೆಸರು! ಈ ಲೇಖನದ ಪ್ರಶ್ನೆ ಹುಟ್ಟುವುದು ಅಲ್ಲೇ.

ಅದೇ ಎರಡು ಚಕ್ರ, ಅದೇ ಚೈನು. ನಾವು ಇಲ್ಲಿ ತುಳಿದರೆ ಅದು ಆರೋಗ್ಯ, ಪರಿಸರ ಪ್ರಜ್ಞೆ, ಸರಳ ಜೀವನ. ನಮ್ಮೂರಿನಲ್ಲಿ ಪೇಪರ್ ಹಾಕುವ ಹುಡುಗನೋ ಗಾರೆ ಕೆಲಸದವನೋ ತುಳಿದರೆ, "ಪಾಪ, ಇನ್ನೂ ಸೈಕಲ್ಲು." ಹಾಗಾದರೆ ಮರ್ಯಾದೆ ಇರುವುದು ವಾಹನದಲ್ಲೋ, ಸವಾರನಲ್ಲೋ, ನೋಡುವವರ ಕಣ್ಣಿನಲ್ಲೋ?

ಇತಿಹಾಸ ನೋಡಿದರೆ ವಾಹನದಲ್ಲಂತೂ ಇಲ್ಲ. 1817ರಲ್ಲಿ ಇದೇ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯೊಂದನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲ್ ಇರಲಿಲ್ಲ; ಕಾಲಿನಿಂದ ನೆಲ ಒದ್ದು ಮುಂದೆ ಹೋಗಬೇಕಿತ್ತು. ಮುಂದೆ ಬಹುಕಾಲ ಸೈಕಲ್ ಉಳ್ಳವರ ಶೋಕಿಯಾಗಿತ್ತು. ಬೆಲೆ ಇಳಿದು ಕಾರ್ಖಾನೆಯ ಕಾರ್ಮಿಕನ ಕೈಗೂ ಬಂದಾಗ, ಉಳ್ಳವರು ಮೋಟಾರು ಹತ್ತಿದರು. ನಮ್ಮ ಹಳ್ಳಿಗಳಲ್ಲೂ ಒಂದು ಕಾಲಕ್ಕೆ ಅಳಿಯಂದಿರು ಮದುವೆಯಲ್ಲಿ ಸೈಕಲ್ಲಿಗಾಗಿ ಮುನಿಸಿಕೊಳ್ಳುತ್ತಿದ್ದುದು ಹಿರಿಯರಿಗೆ ಗೊತ್ತು. ಕಬ್ಬಿಣ ಅದೇ, ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಮರ್ಯಾದೆ ಏರಿತು, ಇಳಿಯಿತು.

ಹಾಗೆಂದು ಸೈಕಲ್ಲಿಗೆ ತನ್ನದೇ ಆದ ಗುಣವಿಲ್ಲವೆಂದಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಮಾತನ್ನು ರಸ್ತೆಗೆ ಅನ್ವಯಿಸಿ ನೋಡಿ. ಹದಿನೈದು ಇಪ್ಪತ್ತು ಕಿಲೋ ತೂಕದ ಸೈಕಲ್ ಒಬ್ಬ ಮನುಷ್ಯನನ್ನು ಹೊತ್ತೊಯ್ಯುತ್ತದೆ. ಕಾರಾದರೆ ಅದೇ ಒಬ್ಬ ಮನುಷ್ಯನಿಗಾಗಿ ಸಾವಿರ ಕಿಲೋಗೂ ಮಿಕ್ಕ ಉಕ್ಕು ಚಲಿಸಬೇಕು. ಸೈಕಲ್ ಸವಾರ ಎಡವಿದರೆ ಬಹುಮಟ್ಟಿಗೆ ಗಾಯವಾಗುವುದು ಅವನಿಗೇ. ಕಾರಿನವನ ಒಂದು ಕ್ಷಣದ ಮೈಮರೆವಿಗೆ ದಂಡ ತೆರುವವರು ಹೆಚ್ಚಾಗಿ ಬೇರೆಯವರು. ಅಹಿಂಸೆ ಎಂಬ ದೊಡ್ಡ ಮಾತಿನ ಒಂದು ಸಣ್ಣ ರೂಪ ಇಲ್ಲಿದೆ.

ಕೊನೆಗಾಲದಲ್ಲಿ ಬ್ರೆಮೆನ್‌ನಲ್ಲಿ ಬಾಳಿ 2002ರಲ್ಲಿ ಅಲ್ಲೇ ತೀರಿಕೊಂಡ ಚಿಂತಕ ಇವಾನ್ ಇಲಿಚ್, 1970ರ ದಶಕದಲ್ಲಿ ಒಂದು ಸ್ವಾರಸ್ಯವಾದ ಲೆಕ್ಕ ಹಾಕಿದ್ದ. ಕಾರನ್ನು ಓಡಿಸುವ, ನಿಲ್ಲಿಸುವ ಹೊತ್ತಿನ ಜೊತೆಗೆ ಅದರ ಕಂತು, ವಿಮೆ, ಪೆಟ್ರೋಲಿಗಾಗಿ ದುಡಿಯುವ ಹೊತ್ತನ್ನೂ ಸೇರಿಸಿದರೆ ಸಾಮಾನ್ಯ ಅಮೆರಿಕನ್ ಗಂಡಸು ವರ್ಷಕ್ಕೆ 1,600 ಗಂಟೆಗೂ ಹೆಚ್ಚು ಕಾಲವನ್ನು ಕಾರಿಗೆ ಕೊಟ್ಟು 7,500 ಮೈಲಿ ಹೋಗುತ್ತಾನೆ. ಅಂದರೆ ಗಂಟೆಗೆ ಐದು ಮೈಲಿಯೂ ಇಲ್ಲ! ಸೈಕಲ್ಲು ಇದಕ್ಕಿಂತ ವಾಸಿ.

ಆದರೂ ಕಾರಿಟ್ಟವರೆಲ್ಲ ಪಾಪಿಗಳೆಂದು ಯಾರೂ ಹೇಳಲಾರರು. ಮಂಡಿ ನೋವಿನ ಅಜ್ಜಿಯನ್ನು ಜನವರಿಯ ಹಿಮದಲ್ಲಿ ಡಾಕ್ಟರ ಬಳಿಗೆ ಕರೆದೊಯ್ಯಬೇಕಾದಾಗ ಸೈಕಲ್ಲಿನ ತತ್ವಜ್ಞಾನ ಉಪಯೋಗಕ್ಕೆ ಬಾರದು. ಮಾತು ಇರುವುದು ಹಾಲು, ಬ್ರೆಡ್ಡು, ಮಕ್ಕಳ ಶಾಲೆ ಎಂಬ ಎರಡು ಮೂರು ಕಿಲೋಮೀಟರಿನ ಓಡಾಟದ ಬಗ್ಗೆ.

ಈಗ ಕಷ್ಟದ ಪ್ರಶ್ನೆ. ಕಾರಿದ್ದೂ ಸೈಕಲ್ ತುಳಿಯುವವನದು ತ್ಯಾಗ. ಬೇರೇನೂ ಇಲ್ಲದೆ ತುಳಿಯುವವನದು ಅನಿವಾರ್ಯ. ಆದ್ದರಿಂದ ಹೊಗಳಿಕೆ ಮೊದಲನೆಯವನಿಗೆ ಸಲ್ಲುತ್ತದೆ ಎಂಬ ವಾದವುಂಟು. ಉದ್ದೇಶವನ್ನಷ್ಟೇ ತೂಗಿದರೆ ಈ ವಾದ ಸರಿಯೆನ್ನಿಸಬಹುದು. ಆದರೆ ಲೋಕಕ್ಕೆ ಆಗುವ ಉಪಕಾರ ಇಬ್ಬರಿಂದಲೂ ಒಂದೇ: ಇಬ್ಬರೂ ಹೊಗೆ ಬಿಡುವುದಿಲ್ಲ, ರಸ್ತೆಯಲ್ಲಿ ಹೆಚ್ಚು ಜಾಗ ಕೇಳುವುದಿಲ್ಲ. ವ್ಯತ್ಯಾಸವೆಂದರೆ, ಮಳೆ ಬಂದ ದಿನ ಮೊದಲನೆಯವನು ಕಾರು ತೆಗೆಯಬಲ್ಲ. ಎರಡನೆಯವನು ನೆನೆದುಕೊಂಡೇ ಹೋಗುತ್ತಾನೆ. ಹೊಗಳಿಕೆ ಒತ್ತಟ್ಟಿಗಿರಲಿ, ಅವನಿಗೆ ದಾರಿಯಾದರೂ ಸಿಗುತ್ತದೆಯೇ?

ಮ್ಯೂನ್‌ಸ್ಟರ್ ನಗರದಲ್ಲಿ 1999ರಲ್ಲಿ ರೈಲು ನಿಲ್ದಾಣದ ಬಳಿಯೇ 3,300 ಸೈಕಲ್ ನಿಲ್ಲಿಸುವಷ್ಟು ದೊಡ್ಡ ನಿಲ್ದಾಣ ತೆರೆದರು. ಕೋಲ್ಕತ್ತದಲ್ಲಿ 2013ರಲ್ಲಿ ನೂರಕ್ಕೂ ಹೆಚ್ಚು ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಿದರು. ಅದರ ಪೆಟ್ಟು ಬಿದ್ದದ್ದು ಹಾಲಿನವರು, ಪೇಪರಿನವರು, ಸಣ್ಣ ವ್ಯಾಪಾರಿಗಳ ಮೇಲೆ. ಯುರೋಪಿನವರು ಹುಟ್ಟಾ ಸದ್ಗುಣಿಗಳೆಂದು ಇದರಿಂದ ತಿಳಿಯಬೇಕಾಗಿಲ್ಲ. ನೆರೆಯ ನೆದರ್‌ಲ್ಯಾಂಡ್ಸ್‌ನಲ್ಲಿ 1971ರ ಒಂದೇ ವರ್ಷ ಮೂರು ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ ನೂರಾರು ಮಕ್ಕಳಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ಜನ ಬೀದಿಗಿಳಿದ ಮೇಲೆಯೇ ಅಲ್ಲಿ ಸೈಕಲ್ಲಿಗೆ ದಾರಿ ತೆರೆಯಿತು. ನಾವು ಇಲ್ಲಿ ನಿಶ್ಚಿಂತೆಯಿಂದ ಬೆಲ್ ಬಾರಿಸುತ್ತಾ ಹೋಗುವ ಇಂಥ ದಾರಿಗಳೂ ಯಾರೋ ಕೇಳಿ ಪಡೆದವೇ.

ನಮ್ಮ ಮಕ್ಕಳು ಇಲ್ಲಿ ನಾಲ್ಕನೇ ತರಗತಿಯಲ್ಲಿ ಸೈಕಲ್ ಪರೀಕ್ಷೆಗೆ ಕೂರುತ್ತಾರೆ. ಕೈ ತೋರಿಸಿ ತಿರುಗುವುದು, ಬಲಗಡೆಯಿಂದ ಬರುವವರಿಗೆ ದಾರಿ ಬಿಡುವುದು ಎಲ್ಲ ಕಲಿಯುತ್ತಾರೆ. ರಸ್ತೆ ತನ್ನದೂ ಹೌದು, ಇತರರದೂ ಹೌದು ಎಂಬುದು ಅವರಿಗೆ ಹತ್ತು ವರ್ಷಕ್ಕೇ ತಿಳಿಯುತ್ತದೆ. ಈ ಪಾಠಕ್ಕೆ ಇನ್ನೊಂದು ಸಾಲು ಸೇರಿಸುವುದು ಹೆತ್ತವರ ಕೆಲಸ.

ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಾವು ಕೂತ ಟ್ಯಾಕ್ಸಿಯ ಮುಂದೆ ತರಕಾರಿ ಹೇರಿಕೊಂಡ ಸೈಕಲ್ಲೊಂದು ನಿಧಾನವಾಗಿ ಹೋಗುತ್ತಿರುತ್ತದೆ. ಡ್ರೈವರ್ ಹಾರ್ನ್ ಒತ್ತುತ್ತಾನೆ. ಆಗ "ಇರಲಿ ಬಿಡಪ್ಪಾ, ಅವರೂ ಹೋಗಲಿ" ಎನ್ನಲು ನಮಗೆ ಬಾಯಿ ಬಂದರೆ, ಇಲ್ಲಿ ತುಳಿದದ್ದಕ್ಕೂ ಒಂದು ಅರ್ಥ ಬಂತು. ಬಾರದಿದ್ದರೆ ನಮ್ಮದು ಬರೀ ವ್ಯಾಯಾಮ.