ಸ್ನೇಹಕ್ಕೆ ಅಪರಾಧವು ಬಾಧಕವೆ?

ಮಿತ್ರನಿಗೆ ದ್ರೋಹವೆಸಗಿದವನನ್ನು ಆಮೇಲೆಯೂ ಮಿತ್ರನೆಂದು ಕರೆಯಬಹುದೆ? ಪ್ರಶ್ನೆಯು ಹಳೆಯದು. ಕಝುವೊ ಇಷಿಗುರೊ ಅವರು ಇಂಗ್ಲಿಷಿನಲ್ಲಿ ಬರೆದು 2005ರಲ್ಲಿ ಪ್ರಕಟಿಸಿದ ‘ನೆವರ್ ಲೆಟ್ ಮಿ ಗೋ’ ಎಂಬ ಕಾದಂಬರಿಯು ಇದನ್ನು ಹೊಸದೊಂದು ಸನ್ನಿವೇಶದಲ್ಲಿಟ್ಟು ಕೇಳಿದೆ. ವಾಚಕರು ಅಂದಿನಿಂದಲೂ ಭಿನ್ನಾಭಿಪ್ರಾಯ ತಾಳಿದ್ದಾರೆ.

ಕಥೆಯು ನಡೆಯುವುದು ಕಳೆದ ಶತಮಾನದ ಉತ್ತರಾರ್ಧದ ಇಂಗ್ಲೆಂಡಿನಲ್ಲಿ. ಆದರೆ ಅದು ಕಲ್ಪನೆಯ ಇಂಗ್ಲೆಂಡು. ಅಲ್ಲಿ ಅನ್ಯರ ದೇಹದ ಪ್ರತಿರೂಪಗಳಾಗಿ ಮಕ್ಕಳನ್ನು ಸೃಷ್ಟಿಸಿ, ಪ್ರಾಯಕ್ಕೆ ಬಂದ ಮೇಲೆ ಅವರ ಅಂಗಾಂಗಗಳನ್ನು ಒಂದೊಂದಾಗಿ ತೆಗೆದು ರೋಗಿಗಳಿಗೆ ಕೊಡುವರು. ಹೈಲ್‌ಷಮ್ ಎಂಬ ವಸತಿಶಾಲೆಯಲ್ಲಿ ಕೂಡಿ ಬೆಳೆದ ಕ್ಯಾಥಿ, ರೂತ್, ಟಾಮಿ ಎಂಬ ಮೂವರ ಸಖ್ಯವೇ ಕಥೆಯ ವಸ್ತು. ವಿಜ್ಞಾನ ಕಾದಂಬರಿಗಳಿಗೆ ಮೀಸಲಾದ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಇದು ಸೇರಿತ್ತಾದರೂ, ವಿಜ್ಞಾನದ ವಿವರಣೆಯೇ ಇಲ್ಲದ ಕೃತಿಗೆ ಆ ಹೆಸರು ಹೇಗೆ ಸಲ್ಲುವುದೆಂದು ಕೆಲವರು ಆಕ್ಷೇಪಿಸುವರು. ಇದು ಹೆಸರಿನ ಜಗಳ. ಇದಕ್ಕಿಂತ ಗುರುತರವಾದ ಆಕ್ಷೇಪಗಳು ಎರಡಿವೆ.

ಮೊದಲನೆಯದು: ಸಾವು ಕಣ್ಣೆದುರಿಗಿದ್ದರೂ ಇವರು ಏಕೆ ಓಡಿಹೋಗುವುದಿಲ್ಲ? ಸುತ್ತ ಕಾವಲುಗಾರರೂ ಇಲ್ಲ. ಹೀಗೆ ಕೇಳುವವರಿಗೆ ಕಥೆಯು ನಂಬಲರ್ಹವಾಗಿ ತೋರುವುದಿಲ್ಲ. ಆದರೆ ಹುಟ್ಟಿದಂದಿನಿಂದ ತನ್ನ ಪಾಡು ಇದೇ ಎಂದು ಕಲಿತವನಿಗೆ ಗೋಡೆಯ ಅಗತ್ಯವಿಲ್ಲ. ಓಡಿಹೋಗಿ ಸೇರಬಹುದಾದ ಬಾಳು ಯಾವುದೆಂಬುದನ್ನೇ ಅವರಿಗೆ ಯಾರೂ ತಿಳಿಸಿರಲಿಲ್ಲ.

ಎರಡನೆಯದು ರೂತಳನ್ನು ಕುರಿತದ್ದು. ಕ್ಯಾಥಿಗೂ ಟಾಮಿಗೂ ಪರಸ್ಪರ ಒಲವಿದೆಯೆಂದು ಅರಿತೂ ಆಕೆ ಟಾಮಿಯನ್ನು ತನ್ನವನನ್ನಾಗಿ ಉಳಿಸಿಕೊಂಡಳು. ಅವನ ಚಿತ್ರಗಳನ್ನು ಕ್ಯಾಥಿ ಹಾಸ್ಯ ಮಾಡಿದಳೆಂದು ಅವನೆದುರಿಗೇ ಆಡಿ ಇಬ್ಬರ ಮನಸ್ಸನ್ನೂ ಮುರಿದಳು. ಇಂಥವಳು ಗೆಳತಿಯೇ ಅಲ್ಲವೆಂದು ಒಂದು ಪಕ್ಷದವರು ತೀರ್ಪು ಕೊಡುವರು. ಇನ್ನೊಂದು ಪಕ್ಷದವರು ಬೇರೊಂದು ಸಂಗತಿಯನ್ನು ನೆನೆಯುವರು. ಕ್ಯಾಥಿಯ ಪ್ರೀತಿಯ ಹಾಡಿನ ಕ್ಯಾಸೆಟ್ಟು ಕಳೆದುಹೋದಾಗ ಹುಡುಕಿ, ಅದು ಸಿಕ್ಕದೆ ಮತ್ತೊಂದನ್ನು ತಂದುಕೊಟ್ಟವಳೂ ರೂತಳೇ.

ಆಕೆಯ ಅಲ್ಪಾಯುಸ್ಸೇ ಅಪರಾಧಕ್ಕೆ ಸಮಾಧಾನವೆಂದು ಹೇಳುವುದು ಸಲ್ಲದು. ಕ್ಯಾಥಿಯ ಆಯುಸ್ಸೂ ಅಷ್ಟೇ ಅಲ್ಪವಾಗಿತ್ತು. ಇರುವುದೇ ಕೆಲವು ವರ್ಷಗಳೆಂದ ಮೇಲೆ ಅವನ್ನು ಕದಿಯುವುದು ಮತ್ತಷ್ಟು ದೊಡ್ಡ ಕಳವು. ಮರಣವು ಸಮೀಪಿಸಿದಾಗ ರೂತಳು ಅದನ್ನು ಮರೆಮಾಚದೆ ಒಪ್ಪಿಕೊಂಡಳು. ಕ್ಷಮೆಯನ್ನು ತಾನು ನಿರೀಕ್ಷಿಸುವುದಿಲ್ಲವೆಂದೂ ಹೇಳಿದಳು. ನಿಜವಾಗಿ ಪ್ರೀತಿಸುವವರಿಗೆ ಕೆಲವು ವರ್ಷಗಳ ಬಿಡುವು ದೊರೆಯುವುದೆಂಬ ವದಂತಿಯನ್ನು ನಂಬಿ, ಅದನ್ನು ಕೊಡಿಸಬಲ್ಲವಳೆಂದು ಭಾವಿಸಿದ್ದ ಹೆಂಗಸಿನ ವಿಳಾಸವನ್ನು ಬಹುಪ್ರಯಾಸದಿಂದ ಸಂಪಾದಿಸಿ ಅವರಿಬ್ಬರ ಕೈಗಿತ್ತಳು. ಅದರಿಂದ ಆಕೆಗೆ ಲಾಭವೇನೂ ಇರಲಿಲ್ಲ.

ವದಂತಿಯು ಸುಳ್ಳಾಯಿತು, ಆದುದರಿಂದ ಪ್ರಾಯಶ್ಚಿತ್ತವೂ ವ್ಯರ್ಥವೆಂದು ಕೆಲವರು ಹೇಳಬಹುದು. ಆದರೆ ಕ್ಯಾಥಿ ಮತ್ತು ಟಾಮಿ ಕೊನೆಗಾಲದಲ್ಲಾದರೂ ಜತೆಯಾಗಿದ್ದುದು ಆ ಮಾತಿನಿಂದಲೇ. ಕಳೆದ ವರ್ಷಗಳು ಮರಳಲಿಲ್ಲವೆಂಬುದೂ ಅಷ್ಟೇ ಸತ್ಯ. ತೀರಿಸಿದ ಅಲ್ಪವನ್ನೂ ತೀರದೆ ಉಳಿದುದನ್ನೂ ಒಂದೇ ಲೆಕ್ಕದಲ್ಲಿ ಬರೆಯಬೇಕಾಗುವುದು.

ಇಲ್ಲಿ ವಾಚಕರು ಸಾಮಾನ್ಯವಾಗಿ ಮರೆಯುವ ಅಂಶವೊಂದುಂಟು. ಮಕ್ಕಳ ದೇಹವನ್ನು ಹಂಚಿಕೊಂಡ ಸಮಾಜವು ಅವರೆದುರಿಗೆ ತಲೆತಗ್ಗಿಸಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಎಮಿಲಿಯು ಅವರಿಗೆ ಒಳ್ಳೆಯ ಬಾಲ್ಯವನ್ನು ಕೊಟ್ಟೆವೆಂದು ಸಮರ್ಥಿಸಿಕೊಂಡಳೇ ಹೊರತು ಕ್ಷಮೆ ಬೇಡಲಿಲ್ಲ. ಎಲ್ಲರಿಗಿಂತ ಕಡಮೆ ಅಪರಾಧ ಮಾಡಿದವಳೇ ತಪ್ಪನ್ನು ಪೂರ್ತಿಯಾಗಿ ಹೊತ್ತಳು. ರೂತಳ ಮೇಲೆಯೇ ಕೋಪವನ್ನೆಲ್ಲ ವೆಚ್ಚಮಾಡುವ ವಾಚಕನು ದೊಡ್ಡ ಅಪರಾಧಿಗಳನ್ನು ಸುಮ್ಮನೆ ಬಿಟ್ಟುಬಿಡುವನು.

ಕಥೆಯನ್ನು ಹೇಳುವ ಕ್ಯಾಥಿಯಾದರೋ ಗೆಳತಿಯ ಮೋಸವನ್ನೂ ಮುಚ್ಚಿಡುವುದಿಲ್ಲ, ಆಕೆ ತಂದಿತ್ತ ಕ್ಯಾಸೆಟ್ಟನ್ನೂ ಮರೆಯುವುದಿಲ್ಲ; ರೂತಳ ಕೊನೆಯ ದಿನಗಳಲ್ಲಿ ಶುಶ್ರೂಷೆ ಮಾಡಿದವಳೂ ಅವಳೇ. ಅಪರಾಧವು ಸ್ನೇಹಕ್ಕೆ ಗಾಯವನ್ನು ಮಾಡುವುದು ದಿಟ. ಆದರೆ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಹಾಸಿಗೆಯ ಪಕ್ಕದಲ್ಲಿ ಕುಳಿತವಳಿಗಿಂತ ಕಠಿನರಾಗಿ ತೀರ್ಪು ಕೊಡುವ ಅಧಿಕಾರವು ಪರರಿಗೆ ಎಲ್ಲಿಂದ ಬಂದೀತು?