ಗಾಜಿನ ಪೆಟ್ಟಿಗೆಯ ಕಪ್ಪೆ ಮತ್ತು ಶ್ರಾವಕನ ಹೊಣೆ

ರಾಜಗೃಹದ ಕಪ್ಪೆಯ ಕಥೆಯನ್ನು ಕೇಳದ ಜೈನ ಮನೆ ವಿರಳ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅರ್ಹತ್ಪೂಜೆಯ ಮಹಿಮೆಯನ್ನು ಹೇಳುವಾಗ ಯಾವ ಚಕ್ರವರ್ತಿಯನ್ನೂ ನಿದರ್ಶನವಾಗಿ ತರಲಿಲ್ಲ. ಒಂದೇ ಒಂದು ಹೂವಿನೊಡನೆ ಹೊರಟ ಕಪ್ಪೆಯನ್ನು ತಂದರು. ಆ ಗ್ರಂಥಕ್ಕೆ ಪ್ರಭಾಚಂದ್ರರು ರಚಿಸಿದ ಟೀಕೆಯಲ್ಲಿ ಕಥೆ ವಿಸ್ತಾರವಾಗಿ ಬಂದಿದೆ. ಮಾಯಾಕಷಾಯದಲ್ಲಿಯೇ ಆಯುಷ್ಯ ಕಳೆದ ನಾಗದತ್ತ ಶ್ರೇಷ್ಠಿ ಸತ್ತು ತನ್ನ ಮನೆಯಂಗಳದ ಬಾವಿಯಲ್ಲಿಯೇ ಕಪ್ಪೆಯಾಗಿ ಹುಟ್ಟುತ್ತಾನೆ. ಹೆಂಡತಿ ಭವದತ್ತೆಯನ್ನು ಕಂಡೊಡನೆ ಜಾತಿಸ್ಮರಣೆಯಾಗಿ ಅವಳ ಮೈಮೇಲೆ ಹಾರುತ್ತಾನೆ. ಅವಳು ಮತ್ತೆ ಮತ್ತೆ ಕೊಡಹುತ್ತಾಳೆ. ಮುನಿಗಳಿಂದ ನಿಜ ತಿಳಿದ ಮೇಲೆ ಅವಳು ಕಪ್ಪೆಯನ್ನು ಮನೆಗೆ ತಂದು ಗೌರವದಿಂದ ಇರಿಸಿಕೊಳ್ಳುತ್ತಾಳೆ. ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ: ಭಗವಾನ್ ಮಹಾವೀರರು ವೈಭಾರಗಿರಿಗೆ ಬಿಜಯಂಗೈದ ವಾರ್ತೆ ಕೇಳಿ, ಕಮಲವನ್ನು ಕಚ್ಚಿಕೊಂಡು ಹೊರಟ ಕಪ್ಪೆ ದಾರಿಯಲ್ಲಿ ಶ್ರೇಣಿಕ ಮಹಾರಾಜನ ಆನೆಯ ಕಾಲಡಿ ಸಿಕ್ಕಿ ಸತ್ತು ದೇವಗತಿಯನ್ನು ಪಡೆಯಿತು.

ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ಭವದತ್ತೆ ಕಪ್ಪೆಯನ್ನು ಮನೆಯಲ್ಲಿ ಇರಿಸಿಕೊಂಡಳು, ಆದರೆ ಕೂಡಿಹಾಕಲಿಲ್ಲ. ಹೋಗಬೇಕೆನ್ನಿಸಿದ ದಿನ ಅದು ತಾನಾಗಿಯೇ ಬಾವಿಗಿಳಿದು ಹೂವನ್ನು ಕಚ್ಚಿಕೊಂಡು ಬೀದಿಗೆ ಬರಬಲ್ಲುದಾಗಿತ್ತು. ಆ ಮನೆಗೆ ಮುಚ್ಚಳವಿರಲಿಲ್ಲ.

ಇಂದು ಅಮೆರಿಕ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಕಪ್ಪೆಯು ಅಂಗಡಿಯಲ್ಲಿ ಹಣ ಕೊಟ್ಟು ತರುವ ಸಾಕುಪ್ರಾಣಿ. ಆಸ್ಟ್ರೇಲಿಯಾ ಮೂಲದ ದಪ್ಪ ಹಸಿರು ಮರಗಪ್ಪೆ, ದಕ್ಷಿಣ ಅಮೆರಿಕದ ಅಗಲಬಾಯಿಯ ಕಪ್ಪೆ, ಸದಾ ನೀರಿನಲ್ಲಿಯೇ ಇರುವ ಆಫ್ರಿಕಾದ ಕಿರುಗಪ್ಪೆ, ಇವೆಲ್ಲ ಮಕ್ಕಳ ಕೋಣೆಯ ಗಾಜಿನ ಪೆಟ್ಟಿಗೆಗಳಲ್ಲಿ ಬಾಳುತ್ತವೆ. ಆ ದೇಶಗಳಲ್ಲಿ ನೆಲೆಸಿರುವ ಜೈನ ಮನೆಗಳ ಮಕ್ಕಳೂ ಅದೇ ಶಾಲೆಗಳಿಗೆ ಹೋಗುತ್ತಾರೆ, ಗೆಳೆಯರ ಮನೆಯಲ್ಲಿ ಕಂಡದ್ದನ್ನು ತಮಗೂ ಬೇಕೆನ್ನುತ್ತಾರೆ. ನಾಯಿಯಂತೆ ಬೊಗಳದು, ಬೆಕ್ಕಿನಂತೆ ಮೈಗೆ ಒರಸದು, ಜಾಗವೂ ಅಲ್ಪ, ತಂದೆತಾಯಿ ಒಪ್ಪಿಬಿಡುತ್ತಾರೆ. ಹಸಿರು ಮರಗಪ್ಪೆ ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಮೀರಿ ಬದುಕುತ್ತದೆ ಎಂಬುದು ಕೊಳ್ಳುವ ದಿನ ಬಹುಮಂದಿಗೆ ತಿಳಿದಿರುವುದಿಲ್ಲ. ಹೀಗೆ ಬಂದ ಜೀವ ಒಂದು ದಿನ ಆಹಾರ ಬಿಟ್ಟು, ಹೊಟ್ಟೆ ಊದಿಕೊಂಡು, ಮಗುಚಿ ಬಿದ್ದರೆ ಮತ್ತೆ ತಿರುಗಿ ಕೂರಲಾರದ ಸ್ಥಿತಿಗೆ ಬಂದಾಗ ಶ್ರಾವಕನ ಮನೆಯಲ್ಲಿ ಏನಾಗಬೇಕು ಎಂಬುದು ಇಲ್ಲಿನ ವಿಚಾರ. ಪ್ರಾಣಿ ಅಂಗೈಯಷ್ಟೇ ಇರಬಹುದು. ಆದರೆ ರಾಜಗೃಹದ ಕಥೆಯನ್ನು ನಂಬುವವರು ಅದನ್ನು ಮನಸ್ಸುಳ್ಳ ಪಂಚೇಂದ್ರಿಯ ಜೀವವೆಂದು ಆಗಲೇ ಒಪ್ಪಿಕೊಂಡಿದ್ದಾರೆ.

ಮನೆಯವರು ಸಾಮಾನ್ಯವಾಗಿ ಆಡುವ ಮೊದಲ ಮಾತು, "ನಿನ್ನೆ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಹೀಗಾಯಿತು" ಎಂಬುದು. ಎರಡನೆಯದು, "ಅದರ ಕರ್ಮ" ಎಂಬುದು. ಎರಡನ್ನೂ ಪರೀಕ್ಷಿಸಿ ನೋಡಬೇಕಾಗಿದೆ.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ ನಡೆಯುತ್ತದೆ. ಆದ್ದರಿಂದ ಪೆಟ್ಟಿಗೆಯ ನೀರಿನಲ್ಲಿ ಏನಿದೆಯೋ ಅದೆಲ್ಲ ಕಪ್ಪೆಯ ಒಡಲಿಗೆ ಸೇರುತ್ತದೆ. ನಗರದ ನಲ್ಲಿ ನೀರಿನ ಕ್ಲೋರಿನ್, ಅದರದೇ ಮಲಮೂತ್ರದಿಂದ ಹುಟ್ಟುವ ಅಮೋನಿಯಾ, ಮಗುವಿನ ಕೈಗಂಟಿದ ಸಾಬೂನು, ಎಲ್ಲವೂ. ಕ್ಲೋರಿನ್ ಬೆರೆತ ನೀರನ್ನು ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಆದರೆ ಹಲವು ನಗರಗಳಲ್ಲಿ ಬಳಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಬೇರೆ ದ್ರಾವಣ ಹಾಕಬೇಕು. ಸುಣ್ಣದ ಅಂಶವಿಲ್ಲದ ಆಹಾರದಿಂದ ಎಲುಬು ಮೆತ್ತಗಾಗುತ್ತದೆ. ಅಂದಕ್ಕೆಂದು ಹಾಸಿದ ಸಣ್ಣ ಕಲ್ಲನ್ನು ಹುಳುವಿನೊಡನೆ ನುಂಗಿ ಕರುಳು ಕಟ್ಟುತ್ತದೆ. ಹೊಟ್ಟೆಯೂ ತೊಡೆಯೂ ಕೆಂಪೇರುವ, 'ಕೆಂಪುಕಾಲು' ಎಂದು ಹೆಸರಾದ ರೋಗವು ರಕ್ತಕ್ಕೆ ಹರಡಿದ ಸೋಂಕು. ಅದರ ಸೂಕ್ಷ್ಮಾಣುಗಳು ಸಾಮಾನ್ಯ ನೀರಿನಲ್ಲಿಯೂ ಇರುವಂಥವು, ಕೊಳೆ ಮತ್ತು ಚಳಿಯಿಂದ ಬಳಲಿದ ಶರೀರವನ್ನು ಆಕ್ರಮಿಸುತ್ತವೆ. ಬೇಟೆಗೆ ಗುರಿಯಾಗುವ ಪ್ರಾಣಿ ತನ್ನ ಬಲಹೀನತೆಯನ್ನು ಕೊನೆಯವರೆಗೂ ತೋರಗೊಡುವುದಿಲ್ಲ. ಹೀಗಾಗಿ ಹಠಾತ್ತೆಂದು ಕಾಣುವ ಕಾಯಿಲೆ ಅನೇಕ ವೇಳೆ ವಾರಗಳಿಂದ ಬೆಳೆದದ್ದು. ಹಠಾತ್ತಾದುದು ಮನೆಯವರ ಗಮನ ಮಾತ್ರ.

ಇನ್ನು ಕರ್ಮದ ಮಾತು. ಅಸಾತಾವೇದನೀಯದ ಉದಯವಿಲ್ಲದೆ ಯಾವ ಜೀವಕ್ಕೂ ವೇದನೆಯಿಲ್ಲವೆಂಬುದು ಸಿದ್ಧಾಂತ. ಆದರೆ ನಿಮಿತ್ತವಾದವನು ಅದರ ಮರೆಯಲ್ಲಿ ನಿಂತು ತಪ್ಪಿಸಿಕೊಳ್ಳಲಾರ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಟ್ಟರು. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಗಾಜಿನ ಪೆಟ್ಟಿಗೆ ಎಷ್ಟೇ ಸುಂದರವಾಗಿದ್ದರೂ ಬಂಧವೇ. ಕೆರೆಯ ಕಪ್ಪೆಗೆ ನೀರು ಕೆಟ್ಟರೆ ಅದು ಮೇಲೇರಿ ಬೇರೆಡೆಗೆ ಹೋಗಬಹುದು. ಬಿಸಿಲು ಬೇಕಾದರೆ ದಡಕ್ಕೆ, ನೆರಳು ಬೇಕಾದರೆ ಹುಲ್ಲಿಗೆ ಸರಿಯಬಹುದು. ಪೆಟ್ಟಿಗೆಯ ಕಪ್ಪೆ ಈ ಸ್ವಚಿಕಿತ್ಸೆಯ ಶಕ್ತಿಯನ್ನು ಕಳೆದುಕೊಂಡಿದೆ. ಅದನ್ನು ಕಸಿದುಕೊಂಡವನೇ ಅದನ್ನು ತುಂಬಿಕೊಡತಕ್ಕವನು. ಇಲ್ಲಿ ಚಿಕಿತ್ಸೆಯು ದಯೆಯೆಂಬುದಕ್ಕಿಂತ ಮೊದಲು ಋಣ.

ಆ ಋಣದ ಮೊದಲ ಕಂತು ಸರಳವಾದದ್ದು. ರೋಗಿಯನ್ನು ಬೇರೆ ಸ್ವಚ್ಛ ಡಬ್ಬಿಯಲ್ಲಿ, ಕ್ಲೋರಿನ್ ತೆಗೆದ ನೀರಿನಲ್ಲಿ ನೆನೆಸಿದ ಕಾಗದದ ಮೇಲೆ ಇಡುವುದು, ಸದಾ ನೀರಿನಲ್ಲಿರುವ ಜಾತಿಯಾದರೆ ಆಳವಿಲ್ಲದ ಶುದ್ಧ ನೀರಿನಲ್ಲಿ ಇಡುವುದು, ತೊಳೆದು ಒದ್ದೆ ಮಾಡಿದ ಕೈಯಿಂದ, ಅತಿ ಕಡಿಮೆ ಮುಟ್ಟುವುದು, ಬಲವಂತವಾಗಿ ತಿನ್ನಿಸದಿರುವುದು, ನೀರಿನ ಉಷ್ಣತೆ, ಕೊನೆಯ ಆಹಾರದ ದಿನ ಇವನ್ನು ಬರೆದಿಟ್ಟುಕೊಂಡು ಉಭಯಚರಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ಅಂದೇ ಒಯ್ಯುವುದು. ಮನೆಯಲ್ಲಿರುವ ಮನುಷ್ಯರ ಮುಲಾಮನ್ನು ಹಚ್ಚಬಾರದು. ನೋವಡಗಿಸುವ ಮದ್ದು ಬೆರೆತ ಮುಲಾಮು ಆ ತೆಳು ಚರ್ಮದೊಳಗಿಳಿದು ಕೊಲ್ಲಬಲ್ಲುದು. ಕಪ್ಪೆಯ ಬೆಲೆಗಿಂತ ವೈದ್ಯರ ಶುಲ್ಕ ಅನೇಕ ಪಟ್ಟು ಹೆಚ್ಚೆಂಬುದು ನಿಜ. ಜೀವಕ್ಕೆ ಅಂಗಡಿಯ ಬೆಲೆಯನ್ನು ಅಳತೆಗೋಲಾಗಿ ಹಿಡಿಯುವವರು ಪಾಂಜರಪೋಳಕ್ಕೆ ಕೊಡುವ ದಾನದ ಲೆಕ್ಕವನ್ನೂ ಅದೇ ಕೋಲಿನಿಂದ ಅಳೆದು ನೋಡಬಹುದು.

ಔಷಧಿಯೂ ಹಿಂಸೆಯಲ್ಲವೇ ಎಂಬ ಸಂಶಯ ಶ್ರದ್ಧಾವಂತರಲ್ಲಿ ಏಳುವುದು ಸಹಜ. ಗೃಹಸ್ಥನು ತ್ಯಜಿಸಿರುವುದು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು. ಸೂಕ್ಷ್ಮಾಣು, ಶಿಲೀಂಧ್ರಗಳ ವಿಷಯದಲ್ಲಿ ಆತ ತನ್ನ ಮಕ್ಕಳ ಜ್ವರಕ್ಕೆ ಮಾಡುವುದನ್ನೇ ಕಪ್ಪೆಗೂ ಮಾಡುತ್ತಾನೆ. ಅಲ್ಲಿ ಇಲ್ಲದ ಅಳುಕು ಇಲ್ಲಿ ಮಾತ್ರ ಹುಟ್ಟಿದರೆ ಅದು ಧರ್ಮಭೀರುತ್ವವಲ್ಲ, ಜಿಪುಣತನ. ಕರುಳಿನ ಹುಳುವಿನ ಪ್ರಶ್ನೆ ಇದಕ್ಕಿಂತ ಕಠಿಣ, ಏಕೆಂದರೆ ಅದು ತ್ರಸಜೀವಿ. ಅದಕ್ಕೂ ಮನೆಗಳಲ್ಲಿ ಮಕ್ಕಳಿಗೆ ಮದ್ದು ಕೊಡುವುದು ರೂಢಿಯಲ್ಲಿದೆ. ಆ ರೂಢಿ ಪ್ರಶ್ನೆಯನ್ನು ಮುಚ್ಚಿದೆಯೇ ಹೊರತು ಪರಿಹರಿಸಿಲ್ಲ. ವೈದ್ಯರು ಪರೀಕ್ಷಿಸಿ ಹೇಳದೆ ಆ ಮದ್ದನ್ನು ಕೊಡದಿರುವುದು ಗೃಹಸ್ಥನು ಮಾಡಬಹುದಾದ ಕನಿಷ್ಠ ಸಂಯಮ.

ಇದಕ್ಕಿಂತ ದೊಡ್ಡ ಇಕ್ಕಟ್ಟು ಆಹಾರದ್ದು. ಕಪ್ಪೆಯನ್ನು ಸಸ್ಯಾಹಾರಿಯಾಗಿಸಲು ಸಾಧ್ಯವಿಲ್ಲ. ರಾತ್ರಿ ಕಿರುಗುಟ್ಟುವ ಚಿಮ್ಮಂಡೆ ಹುಳುಗಳನ್ನು ಜೀವಂತವಾಗಿ ಡಬ್ಬಿಯಲ್ಲಿ ತಂದು ಪೆಟ್ಟಿಗೆಯೊಳಗೆ ಬಿಡುವುದೇ ಅದನ್ನು ಸಾಕುವ ಕ್ರಮ. ಒಂದು ಜೀವವನ್ನು ಉಳಿಸಲು ನೂರಾರು ಜೀವಗಳು! ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಪಕ್ಷಿ ಚಿಕಿತ್ಸಾಲಯವು ಮಾಂಸಾಹಾರಿ ಹಕ್ಕಿಗಳ ವಿಷಯದಲ್ಲಿ ಇಂಥದೇ ಇಕ್ಕಟ್ಟನ್ನು ಎದುರಿಸಿ, ಹದ್ದು ಗಿಡುಗಗಳನ್ನು ಒಳಗೆ ಇರಿಸಿಕೊಳ್ಳದೆ ಹೊರರೋಗಿಗಳಂತೆ ಚಿಕಿತ್ಸೆ ನೀಡಿ ಕಳಿಸುವ ಪದ್ಧತಿಯನ್ನಿಟ್ಟುಕೊಂಡಿತು. ಸಂಸ್ಥೆಗೆ ಆ ದಾರಿಯುಂಟು, ಗೃಹಸ್ಥನಿಗಿಲ್ಲ. ಆತ ಕಪ್ಪೆಯನ್ನು ಆಗಲೇ ಒಳಗೆ ತಂದಿದ್ದಾನೆ. ಹಾಗೆಂದು ಈಗ ಆಹಾರ ನಿಲ್ಲಿಸಿ, ಅದು ಕ್ಷೀಣಿಸುವುದನ್ನು ಸಲ್ಲೇಖನವೆಂದು ಕರೆಯುವುದು ಆ ಮಹಾವ್ರತಕ್ಕೆ ಮಾಡುವ ಅವಮಾನ. ಸಲ್ಲೇಖನವನ್ನು ಸ್ವೇಚ್ಛೆಯಿಂದ, ಅರಿವಿನಿಂದ, ತಾನೇ ಸ್ವೀಕರಿಸಬೇಕು. ಒಬ್ಬರು ಇನ್ನೊಬ್ಬರ ಮೇಲೆ ಹೇರಿದರೆ ಅದಕ್ಕೆ ಅನ್ನಪಾನನಿರೋಧವೆಂಬ ಹೆಸರು ಆಗಲೇ ಇದೆ.

ಚಿಕಿತ್ಸೆ ಫಲಿಸದೆ, ವೈದ್ಯರು "ಇನ್ನು ನೋವಿಲ್ಲದೆ ಮುಗಿಸೋಣ" ಎಂದಾಗ ಏನು? ಆ ದೇಶಗಳ ಪಶುವೈದ್ಯಕೀಯದಲ್ಲಿ ಇದು ದಿನನಿತ್ಯದ ಮಾತು; ಅರಿವಳಿಕೆ ಮದ್ದು ಬೆರೆಸಿದ ನೀರಿನಲ್ಲಿ ಕಪ್ಪೆಯನ್ನು ಮಲಗಿಸುತ್ತಾರೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದೆ ನರಳುತ್ತಿದ್ದ ಕರುವೊಂದನ್ನು ಗಾಂಧೀಜಿಯವರು ಚುಚ್ಚುಮದ್ದು ಕೊಡಿಸಿ ಕೊಲ್ಲಿಸಿದಾಗ ಅಹಮದಾಬಾದಿನ ಸಮಾಜದಲ್ಲಿ ದೊಡ್ಡ ಕೋಲಾಹಲವೆದ್ದಿತು. ಅವರು ತಮ್ಮ ನಡೆಯನ್ನು ಪತ್ರಿಕೆಯಲ್ಲಿ ಸಮರ್ಥಿಸಿಕೊಂಡರು. ಅದೇ ಲೇಖನದಲ್ಲಿ, ಬೆಳೆ ಹಾಳುಮಾಡುವ ಮಂಗಗಳನ್ನು ಕೊಲ್ಲುವುದಾದರೆ ಅದು ಹಿಂಸೆಯೇ, ಏಕೆಂದರೆ ಅಲ್ಲಿರುವುದು ಮನುಷ್ಯನ ಸ್ವಾರ್ಥ ಎಂಬ ಭೇದವನ್ನೂ ಮಾಡಿದರು. ಆದರೆ ಶತಮಾನಗಳ ಹಿಂದೆಯೇ ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನು ಕೈಗೆತ್ತಿಕೊಂಡಿದ್ದರು. ಸತ್ತರೆ ದುಃಖ ಬೇಗ ತೀರುತ್ತದೆಂಬ ಭಾವನೆಯನ್ನೇ ಖಡ್ಗವಾಗಿ ಹಿಡಿದು ದುಃಖಿತ ಜೀವಿಗಳನ್ನೂ ಕೊಲ್ಲಲಾಗದು ಎಂಬುದು ಅವರ ನಿರ್ಣಯ. ಮುಂದಿನ ಭವದ ವೇದನೆಯನ್ನು ಅರಿಯದವನು 'ದುಃಖ ತೀರಿತು' ಎನ್ನಲು ಹೇಗೆ ಅರ್ಹನಾದಾನು?

ಕರುಣೆಯಿಂದ ನೊಂದು ಗಾಂಧೀಜಿಯ ದಾರಿ ಹಿಡಿದವರನ್ನು ಕ್ರೂರಿಗಳೆಂದು ನಿಂದಿಸುವುದು ಸಲ್ಲದು. ಆದರೂ ಶ್ರಾವಕನಿಗೆ ಅಮೃತಚಂದ್ರರ ಮಾತೇ ಪ್ರಮಾಣವಾಗಬೇಕು. ಅದಕ್ಕೆ ಲೋಕಾನುಭವದ ಒತ್ತಾಸೆಯೂ ಉಂಟು. ಇಂಥ ಸಂದರ್ಭದಲ್ಲಿ ಯಾರ ನೋವನ್ನು ಮುಗಿಸಲು ಹೊರಟಿದ್ದೇವೆ ಎಂದು ಕೇಳಿಕೊಂಡರೆ, ಅನೇಕ ವೇಳೆ ನೋಡಲಾರದವನ ನೋವು ಎಂಬ ಉತ್ತರ ಬರುತ್ತದೆ. ನೋವು ಶಮನಗೊಳಿಸುವ ಮದ್ದು ಕಪ್ಪೆಗೂ ಇದೆ. ಅದನ್ನು ಕೇಳಿ ಪಡೆಯುವುದಕ್ಕೆ ಯಾವ ವ್ರತವೂ ಅಡ್ಡಿಯಲ್ಲ. ಕೊಲ್ಲುವ ಮತ್ತು ಕೈಬಿಡುವ ಎರಡು ದಾರಿಗಳ ನಡುವೆ ಕತ್ತಲು, ತೇವ, ಮೌನಗಳಲ್ಲಿ ಕೊನೆಯವರೆಗೆ ಕಾವಲಿರುವ ಮೂರನೆಯ ದಾರಿಯಿದೆ. ಜೀವಂಧರಕುಮಾರ ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದ ಕಥೆಯನ್ನು ಆ ರಾತ್ರಿ ಮಗುವಿಗೆ ಹೇಳಬಹುದು. ಮಗುವೂ ಮೆಲ್ಲನೆ ಹಾಗೆಯೇ ಹೇಳಲಿ.

ಕೆಲವರಿಗೆ ಇನ್ನೊಂದು ಸುಲಭೋಪಾಯ ಹೊಳೆಯುತ್ತದೆ: ಹತ್ತಿರದ ಕೊಳಕ್ಕೆ, ಇಲ್ಲವೇ ಮಂದಿರದ ಪುಷ್ಕರಿಣಿಗೆ ಬಿಟ್ಟುಬಿಡುವುದು. ಬಿಡುಗಡೆಯೆಂಬ ಹೆಸರಿನಿಂದ ಇದು ಪುಣ್ಯಕಾರ್ಯದಂತೆ ತೋರುತ್ತದೆ. ವಾಸ್ತವವಾಗಿ ಎಲ್ಲಕ್ಕಿಂತ ಘೋರವಾದದ್ದು ಇದೇ. 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಕೈಟ್ರಿಡ್ ಶಿಲೀಂಧ್ರವೊಂದು ಕಪ್ಪೆಯ ಚರ್ಮವನ್ನು ಹಿಡಿದು, ರಕ್ತದ ಲವಣಾಂಶವನ್ನು ಕುಗ್ಗಿಸಿ, ಹೃದಯವನ್ನು ನಿಲ್ಲಿಸುತ್ತದೆ. ಬೇಗ ಗುರುತಿಸಿದರೆ ಪೆಟ್ಟಿಗೆಯ ಕಪ್ಪೆಯನ್ನು ಇಟ್ರಾಕೊನಜೋಲ್ ದ್ರಾವಣದ ಸ್ನಾನದಿಂದ ಉಳಿಸಬಹುದು. ಕಾಡಿನ ಕಪ್ಪೆಗೆ ಆ ಸ್ನಾನ ಮಾಡಿಸುವವರಾರು? 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ಈ ರೋಗದಿಂದ ಲೋಕದಲ್ಲಿ ಕನಿಷ್ಠ 501 ಜಾತಿಯ ಉಭಯಚರಗಳು ಇಳಿಮುಖವಾದವೆಂದೂ, ಅವುಗಳಲ್ಲಿ 90 ಜಾತಿಗಳು ಅಳಿದುಹೋದವೆಂದು ಭಾವಿಸಲಾಗಿದೆಯೆಂದೂ ಲೆಕ್ಕ ಕೊಟ್ಟಿದೆ. ಆ ಶಿಲೀಂಧ್ರ ದೇಶದಿಂದ ದೇಶಕ್ಕೆ ಹರಡಲು ಉಭಯಚರಗಳ ವ್ಯಾಪಾರವೂ ದಾರಿಯಾಯಿತು. ಪೆಟ್ಟಿಗೆಯ ನೀರನ್ನು ಸಹ ಹೊರಗಿನ ಚರಂಡಿಗೋ ಕೊಳಕ್ಕೋ ಚೆಲ್ಲಬಾರದು. ಮಂದಿರಗಳ ವಿಶ್ವಸ್ತರು ಕೊಳದ ಬಳಿ ಹೂವು ಕೀಳಬೇಡಿರೆಂದು ಫಲಕ ಹಾಕುತ್ತಾರೆ. ಪ್ರಾಣಿಗಳನ್ನು ತಂದು ಬಿಡಬೇಡಿರೆಂಬ ಇನ್ನೊಂದು ಸಾಲನ್ನು ಸೇರಿಸಲು ಹೆಚ್ಚಿನ ಖರ್ಚಾಗದು.

ಕಪ್ಪೆ ತೀರಿಕೊಂಡ ಮನೆಯಲ್ಲಿ ಕೊನೆಗೆ ಒಂದು ಡಬ್ಬಿ ಉಳಿಯುತ್ತದೆ. ಅದರೊಳಗೆ ತಿನ್ನದೆ ಉಳಿದ ಚಿಮ್ಮಂಡೆಗಳು ಇನ್ನೂ ಕಿರುಗುಟ್ಟುತ್ತಿರುತ್ತವೆ. ಚಳಿಗಾಲದ ಹೊರಗಾಳಿಗೆ ಬಿಟ್ಟರೆ ಅವು ಬದುಕವು. ಅಂಗಡಿಗೆ ಮರಳಿಸಿದರೆ ಇನ್ನೊಂದು ಕಪ್ಪೆಯ ಪಾಲಾಗುತ್ತವೆ. ಅವುಗಳ ಆಯುಷ್ಯ ಎರಡು ಮೂರು ತಿಂಗಳು. ಒಣಜಾಗದಲ್ಲಿಟ್ಟು, ತೇವದ ಮಣ್ಣು ಹಾಕದಿದ್ದರೆ ಮೊಟ್ಟೆಯಿಟ್ಟು ಬೆಳೆಯುವುದಿಲ್ಲ. ಆಹಾರ ಕಡಿಮೆಯಾದರೆ ಒಂದನ್ನೊಂದು ತಿನ್ನುತ್ತವೆ. ಅಂಗಡಿಯವರು ಕ್ಯಾರೆಟ್ ಹಾಕಿರೆನ್ನುತ್ತಾರೆ. ಕಂದಮೂಲ ತರದ ಮನೆಯವರು ಸೌತೆಕಾಯಿಯ ಹೋಳನ್ನೂ ಚಿಟಿಕೆ ಹಿಟ್ಟನ್ನೂ ದಿನಕ್ಕೊಮ್ಮೆ ಹಾಕಿದರೆ ಸಾಕು.